ಗಿಡ್ಡಿಯ ಮೊದಲ ಕರು

ನವೆಂಬರ್ 12, ಸಂಜೆ

ಬೆಳಿಗ್ಗೆ ವೀರ್ಯ ಕಾಪಿಡುವ ಕ್ಯಾನಿಗೆ ದ್ರವ ಸಾರಜನಕ ತುಂಬಿಸಿದೆ. ಬೆರಳ ತುದಿ ಮತ್ತೆ ಸುಟ್ಟಿತು. ತಣ್ಣಗಿರುವುದು ಸುಡುತ್ತದೆ ಎಂದರೆ ಇಪ್ಪತ್ತು ವರ್ಷವಾದರೂ ಹೆಂಡತಿ ನಂಬಿಲ್ಲ.

ಮೂರು ಮನೆ. ಬೆದೆಗೆ ಬಂದ ಹಸುಗಳಿಗೆ ವೀರ್ಯದ ಇಂಜೆಕ್ಷನ್ ಹಾಕುವುದಷ್ಟೇ ನನ್ನ ಕೆಲಸ. ಊರವರು ‘ಡಾಕ್ಟ್ರೇ’ ಅನ್ನುತ್ತಾರೆ. ನಾನೂ ಬೇಡ ಅಂದವನಲ್ಲ.

ಕೊನೆಗೆ ದರ್ಜಿಯ ಮನೆ. ಅವರದು ಇನ್ನೂ ಕರು ಹಾಕದ ಒಂದೇ ಕಡಸು, ಗಿಡ್ಡಿ. ಕೆಂದು ಬಣ್ಣ, ಸಣ್ಣ ಸೊಂಟ. ದರ್ಜಿಗೆ ದೊಡ್ಡ ಕಪ್ಪು–ಬಿಳಿ ತಳಿ ಎಚ್.ಎಫ್. ಬೇಕು, ಪಕ್ಕದ ಮನೆಯ ಬಕೆಟ್ ತುಂಬ ಹಾಲು ನೋಡಿ ಆಸೆ. ಅವನ ಹೆಂಡತಿ ಒಪ್ಪಲಿಲ್ಲ. ದೊಡ್ಡ ಹಸು ಬಿಸಿಲು ತಡೆಯುವುದಿಲ್ಲ, ಇರುವ ತುಂಡು ಹೊಲದ ಮೇವು ಅದರ ಒಂದು ಹೊತ್ತಿಗೂ ಸಾಲದು, ನೀರು ಹೊರುವವಳು ತಾನು... ಎಲ್ಲ ಲೆಕ್ಕ ಹಾಕಿಟ್ಟಿದ್ದಳು.

‘ಜೆರ್ಸಿನೇ ಹಾಕಿ ಡಾಕ್ಟ್ರೇ. ಹಾಲು ಸ್ವಲ್ಪ ಆದ್ರೂ ಪರವಾಗಿಲ್ಲ. ನನ್ನ ಕೈಯಲ್ಲಿ ಸಾಕೋಕೆ ಆಗ್ಬೇಕು.’

ಸರಿಯಾದ ಮಾತು. ಕ್ಯಾನ್ ತೆರೆದೆ. ಜೆರ್ಸಿ ವೀರ್ಯ ತುಂಬಿದ ಸ್ಟ್ರಾ ಒಂದೂ ಇಲ್ಲ. ಹೋದ ವಾರವೇ ತರಿಸಬೇಕಿತ್ತು, ಮರೆತಿದ್ದೆ. ಈ ಬೆದೆ ತಪ್ಪಿದರೆ ಇನ್ನು ಇಪ್ಪತ್ತೊಂದು ದಿನ. ಮರೆತೆ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಎಚ್.ಎಫ್. ಹಾಕಿದೆ. ಗಿಡ್ಡಿಯ ದಾಖಲೆ ಕಾರ್ಡಿನಲ್ಲಿ ‘ಜೆರ್ಸಿ’ ಎಂದು ಬರೆದೆ.

ಎಷ್ಟೋ ಸಲ ಗಬ್ಬ ಕಟ್ಟುವುದೇ ಇಲ್ಲ.

ಡಿಸೆಂಬರ್ 5

ಗಿಡ್ಡಿ ಮತ್ತೆ ಬೆದೆಗೆ ಬಂದಿಲ್ಲವಂತೆ. ದರ್ಜಿಯ ಹೆಂಡತಿ ದಾರಿಯಲ್ಲಿ ನಿಲ್ಲಿಸಿ ಹೇಳಿದಳು. ಮುಖದ ತುಂಬ ನಗು.

ಜನವರಿ 18

ಹಾಲಿನ ಸಂಘದಲ್ಲಿ ತರಬೇತಿ. ಸಣ್ಣ ರೈತರಿಗೆ ಯಾವ ತಳಿ — ನನ್ನದೇ ಭಾಷಣ. ಮೇವು, ನೀರು, ನೆರಳು ನೋಡಿ ತಳಿ ಆರಿಸಿ ಎಂದೆ. ಸಣ್ಣ ಕಡಸಿನ ಚೊಚ್ಚಲಿಗೆ ದೊಡ್ಡ ತಳಿ ಹಾಕಿಸಲೇಬೇಡಿ, ಕರು ದೊಡ್ಡದಾಗಿ ತಾಯಿಯ ಜೀವಕ್ಕೇ ಕುತ್ತು ಎಂದೆ.

ದರ್ಜಿಯ ಹೆಂಡತಿ ಮುಂದಿನ ಸಾಲಿನಲ್ಲಿದ್ದಳು. ತಲೆಯಾಡಿಸಿ, ಪಕ್ಕದವಳಿಗೂ ಏನೋ ವಿವರಿಸಿದಳು.

ನೀರು ಕುಡಿದು ಮುಂದುವರಿಸಿದೆ.

ಫೆಬ್ರವರಿ 9

ಗಿಡ್ಡಿಗೆ ಕೈ ಹಾಕಿ ನೋಡಿದೆ. ಗಬ್ಬ ನಿಂತಿದೆ. ಈಗಲಾದರೂ ಹೇಳಿದರೆ ಪಶು ಆಸ್ಪತ್ರೆಯ ಡಾಕ್ಟರು ಗಬ್ಬ ಇಳಿಸಬಹುದು. ಇನ್ನೂ ತಡಮಾಡಿದರೆ ಅದೂ ಕಷ್ಟ.

ಆಕೆ ಟೀ ತಂದುಕೊಟ್ಟಳು. ಕುಡಿದು ಎದ್ದು ಬಂದೆ.

ಜೂನ್ 27

ಗಿಡ್ಡಿಗೆ ಕೊನೆಯ ಎರಡು ತಿಂಗಳು ಹಿಂಡಿ ಹೆಚ್ಚು ಕೊಡಬೇಡಿ ಎಂದೆ. ಹೊಟ್ಟೆಯೊಳಗೇ ಕರು ಇನ್ನಷ್ಟು ಬೆಳೆದರೆ... ಗಬ್ಬದ ಹಸುವಿಗೆ ತಿನ್ನಿಸಬೇಡ ಅಂತಾರಾ ಯಾರಾದ್ರೂ ಎಂದು ಆಕೆ ನಕ್ಕಳು. ಆದರೂ ಹೇಳಿದಂತೆ ಮಾಡುತ್ತಾಳೆ. ನಾನು ಹೇಳಿದ್ದೆಲ್ಲ ಆಕೆಗೆ ವೇದವಾಕ್ಯ.

ಆಗಸ್ಟ್ 21, ಸಂಜೆ



ಬೆಳಿಗ್ಗೆ ಏಳಕ್ಕೆ ದರ್ಜಿಯ ಮನೆಯಿಂದ ಫೋನ್. ಹೋದಾಗ ಕರುವಿನ ಮುಂಗಾಲು ಎರಡೂ ಹೊರಗೆ, ತಲೆ ಸಿಕ್ಕಿಕೊಂಡಿತ್ತು. ಗೊರಸಿನ ಗಾತ್ರ ನೋಡಿದಾಕ್ಷಣ ತಿಳಿಯಿತು, ಆ ಸೊಂಟದಲ್ಲಿ ಇದು ಹಾಯುವುದಿಲ್ಲ. ನಿಜವಾದ ಡಾಕ್ಟರು ಬಂದದ್ದು ಹತ್ತೂವರೆಗೆ. ಹಗ್ಗ ಕಟ್ಟಿ ನಾಲ್ಕು ಜನ ಎಳೆದೆವು. ಗಿಡ್ಡಿ ಕೂಗುವುದನ್ನೂ ನಿಲ್ಲಿಸಿತ್ತು. ಆಕೆ ಅದರ ಕಿವಿಯ ಬಳಿ ಬಾಯಿಟ್ಟು ಏನೇನೋ ಹೇಳುತ್ತಲೇ ಇದ್ದಳು, ಹೆತ್ತ ಮಗಳಿಗೆ ಹೇಳುವ ಹಾಗೆ.

ಹೆಣ್ಣು ಕರು. ಬದುಕಿದೆ. ಕಪ್ಪು, ಹಣೆಯಲ್ಲಿ ಬಿಳಿ.

ಗಿಡ್ಡಿಗೆ ಹಿಂಗಾಲು ಊರಲಾಗಲಿಲ್ಲ. ಒಳಗೆ ಹರಿದು ರಕ್ತ. ಮಧ್ಯಾಹ್ನ ಮೂರು ಗಂಟೆಗೆ ಜೀವ ಹೋಯಿತು. ಅಷ್ಟರಲ್ಲೂ ಕತ್ತು ಚಾಚಿ ಕರುವನ್ನು ಅರ್ಧ ನೆಕ್ಕಿತ್ತು.

ಯಾವ ವೀರ್ಯ ಎಂದು ಡಾಕ್ಟರು ಕೇಳಿದರು. ‘ಜೆರ್ಸಿ’ ಎಂದು ಆಕೆಯೇ ಹೇಳಿದಳು. ಅವರು ಕರುವನ್ನು ನೋಡಿದರು. ನನ್ನನ್ನು ನೋಡಿದರು. ಕೈ ತೊಳೆಯಲು ಹೋದರು.

ಆಗಸ್ಟ್ 22

ಬೇರೆ ಮನೆಯಿಂದ ಗಿಣ್ಣದ ಹಾಲು ಬೇಡಿ ತಂದು ಕರುವಿಗೆ ಕುಡಿಸಿದೆ. ತಡವಾಯಿತು. ಹುಟ್ಟಿದ ಕೂಡಲೇ ಕುಡಿಯಬೇಕಿತ್ತು, ರೋಗ ತಡೆಯುವ ಶಕ್ತಿ ಕರುವಿಗೆ ಬರುವುದೇ ಅದರಿಂದ. ನಿನ್ನೆಯ ಗಲಿಬಿಲಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು.

ಆಗಸ್ಟ್ 25

ಹೆಂಡತಿಗೆ ಎಲ್ಲ ಹೇಳಿಬಿಟ್ಟೆ. ‘ನನ್ನ ಹತ್ರ ಹೇಳಿ ಏನು ಬಂತು?’ ಅಂದಳು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ದರ್ಜಿ ಮೆಷಿನ್ ತುಳಿಯುತ್ತಿದ್ದ. ಅವನ ಹೆಂಡತಿ ಗುಂಡಿ ಹಾಕುತ್ತಿದ್ದಳು. ಹೇಳಿದೆ. ಸ್ಟ್ರಾ ಮುಗಿದದ್ದು, ಮರೆತದ್ದು, ಕಾರ್ಡು, ಎಲ್ಲ. ದರ್ಜಿ ಎದ್ದು ಒಳಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

‘ಜೆರ್ಸಿ ಇಲ್ಲ ಅಂದಿದ್ರೆ ಇಪ್ಪತ್ತೊಂದು ದಿನ ಕಾಯ್ತಿದ್ದೆನಲ್ಲ’ ಅಂದಳು.

ಮತ್ತೆ ಸೂಜಿ ಎತ್ತಿಕೊಂಡಳು.

ಆಗಸ್ಟ್ 26

ಕಾರ್ಡಿನಲ್ಲಿ ಸುಳ್ಳು ಬರೆದ ವಿಷಯ ಮೇಲಿನ ಅಧಿಕಾರಿಗಳಿಗೆ ಬರೆದು ಕೊಟ್ಟೆ. ಆಕೆಗೆ ಅದರಿಂದ ಏನಾಗಬೇಕು.

ಆಗಸ್ಟ್ 31

ಕರುವಿಗೆ ಭೇದಿ. ಬೆಳಿಗ್ಗೆ ಆಕೆಯೇ ನಮ್ಮ ಬಾಗಿಲಿಗೆ ಬಂದಿದ್ದಳು. ಒಳಗೆ ಕರೆದರೂ ಬರಲಿಲ್ಲ. ಡಾಕ್ಟರನ್ನು ಕರೆಸಿದೆ. ದಿನಕ್ಕೆ ನಾಲ್ಕು ಸಲ ಹೋಗಿ ಉಪ್ಪು–ಸಕ್ಕರೆ ನೀರು ಕುಡಿಸುತ್ತಿದ್ದೇನೆ. ನಾನು ಬಂದಾಗ ಆಕೆ ಜಾಗ ಬಿಟ್ಟು ಎದ್ದು ನಿಲ್ಲುತ್ತಾಳೆ.

ಸೆಪ್ಟೆಂಬರ್ 2, ಮಧ್ಯಾಹ್ನ

ಕೊಟ್ಟಿಗೆಯ ಹೊರಗೆ ಕೂತು ಬರೆಯುತ್ತಿದ್ದೇನೆ. ಕರುವಿನ ಕಣ್ಣು ಒಳಗಿಳಿದಿದೆ. ಕುತ್ತಿಗೆಯ ಚರ್ಮ ಹಿಡಿದೆತ್ತಿದರೆ ಹಾಗೆಯೇ ನಿಲ್ಲುತ್ತದೆ, ಮೈಯ ನೀರು ಬತ್ತಿದೆ. ಡಾಕ್ಟರು ಎರಡು ಬಾಟಲಿ ಗ್ಲೂಕೋಸ್ ಏರಿಸಿ ಹೋದರು.

ಆಕೆ ಕೇಳಿದಳು, ‘ಉಳಿಯುತ್ತಾ? ನನ್ನ ಸಮಾಧಾನಕ್ಕೆ ಏನೂ ಹೇಳ್ಬೇಡಿ. ಇದ್ದದ್ದು ಹೇಳಿ.’

ಉಳಿಯುವುದಿಲ್ಲ ಅಂದೆ.

ತಲೆಯಾಡಿಸಿದಳು. ಕರುವಿನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಮನೆಗೆ ಹೋಗಲೇ ಎಂದು ಕೇಳಿದೆ. ಆಕೆ ಸೆರಗಿನಿಂದ ಕರುವಿನ ಮೂಗು ಒರೆಸಿದಳು. ಹೊರಗೆ ಬಂದು ಕೂತೆ. ಒಂದು ಗಂಟೆಯಾಯಿತು.

ಒಳಗಿಂದ ನನ್ನನ್ನು ಕರೆಯುತ್ತಿದ್ದಾಳೆ, ‘ಬನ್ನಿ, ಉಸಿರು ನಿಲ್ತಾ ಇದೆ’ —