ಶಿವಗಂಗವ್ವ ತಿಂದ ಮಣ್ಣು

೨೯ ಜುಲೈ ೧೯೩೮, ಮೂಡಲಗಿ

ಸಮಸ್ತ ಮೂಡಲಗಿಯ ಮಹಾಜನರಿಗೆ ತಿಳಿಯಪಡಿಸುವುದೇನೆಂದರೆ — ಇಂದು ಬೆಳಿಗ್ಗೆ ಏಳೂವರೆಗೆ, ತತ್ತಿ ಹಾಕಿರುತ್ತಾರೆಂದು ಊರೇ ಮುಟ್ಟದ ಒಂದು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದೆ. ಸಾಲಿ ಮಾಸ್ತರ, ಕೊರಳಲ್ಲಿ ಲಿಂಗ, ವಯಸ್ಸು ಐವತ್ತೊಂದು. ಆಕಾಶ ಕಳಚಿ ಬೀಳಲಿಲ್ಲ. ಅರ್ಧ ಬಿಸ್ಕೀಟು ಮಾತ್ರ ಕಪ್ಪಿನೊಳಗೆ ಬಿತ್ತು.

ಬೆಳಗಾವಿಯ ವಾರಪತ್ರಿಕೆಗೆ ನನ್ನ 'ತಿನ್ನುವ ಲೋಕ' ಏಳನೆಯ ಕಂತು ಹೋಗಬೇಕು. ಚೀನಾದವರು ಹಕ್ಕಿಯ ಗೂಡನ್ನೇ ಕುದಿಸಿ ಕುಡಿಯುತ್ತಾರೆ. ಫ್ರಾನ್ಸಿನವರು ಬಸವನಹುಳು, ಅರಬರು ಮಿಡತೆ. ಇಷ್ಟೆಲ್ಲ ತಿನ್ನಿಸಿದರೂ ಇನ್ನೂ ಹನ್ನೆರಡು ಸಾಲು ಖಾಲಿ…

ನಾಳೆ ಮಗಳು ಶಿವಗಂಗವ್ವ ಪಂಚಮಿಗೆ ಬರುತ್ತಾಳೆ, ಸಂಕೇಶ್ವರದಿಂದ. ಐದು ತಿಂಗಳ ಬಸುರಿ. ಅವಳವ್ವ ತೀರಿದ ಮೇಲೆ ಈ ಮನೆಗೆ ಹೆಣ್ಣುಮಗಳೆಂದರೆ ಅವಳೊಬ್ಬಳೇ.

೨ ಆಗಸ್ಟ್

ಶಿವಗಂಗವ್ವ ಪಂಚಮಿ ಉಂಡಿ ಮುಟ್ಟಲಿಲ್ಲ. ಮಧ್ಯಾಹ್ನ ಹಿತ್ತಲಿಗೆ ಹೋದೆ — ಮಳೆಗೆ ನೆಂದ ಗೋಡೆಯ ಮಣ್ಣು ಕೆರೆದು ಬಾಯಿಗಿಡುತ್ತಿದ್ದಾಳೆ. ಕಣ್ಣು ಮುಚ್ಚಿಕೊಂಡು, ಪ್ರಸಾದ ತಿಂದಂತೆ.

"ಏನವಾ ಇದು?"

"ಬಯಕಿ, ಅಪ್ಪಾ. ಜೀವ ಕೇಳತೈತಿ. ಅಲ್ಲಿ ಗ್ವಾಡಿಗೆಲ್ಲಾ ಸುಣ್ಣ ಹೊಡದಾರ, ಒಂದು ಚೂರೂ ಸಿಗಂಗಿಲ್ಲ."

"ನಿಮ್ಮತ್ತಿಯವರಿಗೆ ಗೊತ್ತೇನು?"

"ಗೊತ್ತಾದ್ರ ಮುಗೀತು. ನಾವು ಹೊಟ್ಟಿಗೆ ಹಾಕಂಗಿಲ್ಲೇನ ಅಂತಾರ. ಅವ್ವ ಇದ್ದಿದ್ರ ಅವ್ವಗ ಹೇಳತಿದ್ನಿ. ನಿನಗ ಹೇಳೇನಿ. ಯಾರ ಮುಂದೂ ಅನಬ್ಯಾಡ."

೯ ಆಗಸ್ಟ್

ಯಾರ ಮುಂದೂ ಅನ್ನಲಿಲ್ಲ. ಬರೆದೆ, ಅಷ್ಟೇ. ಹನ್ನೆರಡು ಸಾಲು. 'ಚೀನಾದತನಕ ಯಾಕೆ ಹೋಗಬೇಕು? ನಮ್ಮ ಹಿತ್ತಲಲ್ಲೇ ಒಬ್ಬ ಗರತಿ ತವರಿನ ಗೋಡೆಯನ್ನು ಸಾವಕಾಶ ಉಣ್ಣುತ್ತಿದ್ದಾಳೆ. ಹೆರಿಗೆಯ ಹೊತ್ತಿಗೆ ಮಾಳಿಗೆಯೊಂದೇ ಉಳಿದೀತು.' ಓದಿಕೊಂಡು ಒಬ್ಬನೇ ನಕ್ಕೆ. ಪೋಸ್ಟಿಗೆ ಹಾಕಿದೆ.

ಅವಳು ನಿನ್ನೆಯೇ ಹೋದಳು. ಸೆರಗಿನ ತುದಿಗೆ ಒಂದು ಹೆಂಟೆ ಮಣ್ಣು ಕಟ್ಟಿಕೊಂಡು.

೨೭ ಆಗಸ್ಟ್

ಅಚ್ಚಾಯಿತು. ಗೋಕಾಕದ ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿ ನಕ್ಕರಂತೆ. ಸಂಪಾದಕರ ಕಾರ್ಡು — 'ಕೊನೆಯ ಪ್ಯಾರಾ ಉತ್ತಮ. ಮನೆಯ ಸಂಗತಿ ಇನ್ನಷ್ಟು ಬರಲಿ.'

ಅವಳ ಹೆಸರು ಹಾಕಿರಲಿಲ್ಲ. ನನ್ನದಿತ್ತು, ದಪ್ಪಕ್ಷರದಲ್ಲಿ. ನನಗೆ ಮಗಳು ಒಬ್ಬಳೇ ಎಂಬುದು ಮೂರು ತಾಲೂಕಿಗೆ ಗೊತ್ತು. ಇದು ಈಗ ಹೊಳೆಯಿತು.

೧೬ ಅಕ್ಟೋಬರ್

ಸಂಕೇಶ್ವರಕ್ಕೆ ಹೋಗಿ ಬಂದೆ. ಏಳು ತಿಂಗಳು ತುಂಬಿದೆ. ಬಸುರಿಗೆ ಕುಬುಸದ ಶಾಸ್ತ್ರ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಸೀರೆ, ಬಳೆ, ಹಸಿರು ಕುಬುಸ, ಎಲ್ಲ ಗಂಟು ಕಟ್ಟಿ ಒಯ್ದಿದ್ದೆ.

ಬೀಗರು ಗುರುಲಿಂಗಪ್ಪನವರು ಕಾಲಿಗೆ ನೀರು ಕೊಟ್ಟರು. "ಕುಬುಸ ನಾವಽ ಮಾಡಿ ಮುಗಿಸೇವಿ, ಮಾಸ್ತರ. ನೀವು ಊಟಕ್ಕ ಕುಂದರ್ರಿ." ಪಡಸಾಲೆಯ ತುಂಬ ಓಣಿಯ ಮಂದಿ. ಹೋಳಿಗೆ. ಎರಡು, ನಾಲ್ಕು, ಆರು.

"ಸಾಕ್ರಿ, ಬೀಗರ."

"ಸಾಕಂದ್ರ ಹೆಂಗ್ರಿ? ನಮ್ಮನ್ಯಾಗ ಹೊಟ್ಟಿಗೆ ಹಾಕತಾರ ಅಂತ ಬರೀಬೇಕಲ್ಲ ನೀವು. ಎಣಿಸಿ ಬರಕೋರಿ. ತುಪ್ಪಾನೂ ಹಿಡೀರಿ."

ಬಾಗಿಲ ಮರೆಯಿಂದ ಬೀಗಿತ್ತಿ ಕಾಶೆವ್ವ — "ಗ್ವಾಡಿಗೆ ಸುಣ್ಣ ಹೊಡದೇವ್ರಿ. ಅದೊಂದು ಬಡಸಾಕ ಆಗೂದಿಲ್ಲ, ಸಿಟ್ಟಾಗಬ್ಯಾಡ್ರಿ."

ಓಣಿಗೆ ಓಣಿಯೇ ನಕ್ಕಿತು. ಜೋಕು ಚಲೋ ಇತ್ತು. ನಾನಾಗಿದ್ದರೆ ಕೊನೆಯ ಸಾಲಿಗಿಡುತ್ತಿದ್ದೆ.

ಒಂಬತ್ತನೆಯ ಹೋಳಿಗೆ ಬಡಿಸಲು ಶಿವಗಂಗವ್ವನನ್ನು ಕಳಿಸಿದರು. ಬಗ್ಗಿದಾಗ ಮೆಲ್ಲಗೆ ಅಂದಳು: "ದಿನಾ ಮೂರು ಹೊತ್ತು ಬಾಯಿ ತಗಿಸಿ ನಾಲಿಗಿ ನೋಡತಾರ, ಅಪ್ಪಾ. ಮಣ್ಣು ಐತೇನಂತ."

"ನಡಿ ಅವ್ವಾ, ಹೋಗೂಣು. ನಾ ಕೇಳತೇನಿ ಅವರ್ನ."

"ಕೇಳಬ್ಯಾಡ. ನಾ ಒಲ್ಲೆ." ತಟ್ಟೆಯನ್ನೇ ನೋಡುತ್ತಿದ್ದಳು. "ಅದನ್ನ ನಾನೂ ಓದಿದ್ನಿ. ಓದಾಕ ಕಲಿಸಿದಾಂವ ನೀನಽ. ನಿನ್ನ ಮನ್ಯಾಗ ಬ್ಯಾನಿ ತಿಂದ್ರ, ಅದನ್ನೂ ಬರೀತಿ."

ಹಿರಣ್ಯಕೇಶಿಯ ದಂಡೆಗೆ ಬಂದು ಒಂಬತ್ತೂ ಹೋಳಿಗೆಯನ್ನು ಹೊಳೆಗೆ ಒಪ್ಪಿಸಿದೆ. ಮೋಟಾರು ಹುಕ್ಕೇರಿ ದಾಟುವಷ್ಟರಲ್ಲಿ ಆ ಊಟವನ್ನು ಮನಸ್ಸಿನಲ್ಲೇ ಮೂರು ಪ್ಯಾರಾ ಮಾಡಿಬಿಟ್ಟಿದ್ದೆ. ನಗು ಬರುವಂತೆಯೇ. ಅವಳು ಹೇಳಿದ್ದು ಖರೆ.

೪ ಜನವರಿ ೧೯೩೯

ಕಂಬಳಿ ಮಾರುವ ಹೊಳೆಪ್ಪ ಸಂಕೇಶ್ವರದ ಸಂತೆಯಿಂದ ಬಂದ. "ಏನ್ರಿ ಮಾಸ್ತರ, ಪೇಡೆ ಎಲ್ಲಿ? ಮಗಳು ಹಡದು ಹತ್ತು ದಿನ ಆತು. ಗಂಡು. ಇಬ್ಬರೂ ಆರಾಮ ಅದಾರ."

"ಹೌದ್ಹೌದು, ಗೊತ್ತೈತಿ" ಅಂದೆ. ಪೇಡೆ ತರಿಸಿ ಕೊಟ್ಟೆ. ಎರಡು ತಿಂದ. ನಾನೂ ಒಂದು ತಿನ್ನಬೇಕಾಯಿತು.

೭ ಜನವರಿ

ಬಾಜೂ ಮನೆಯ ಕರೆವ್ವ ಬಾಣಂತಿಗೆಂದು ಅಂಟಿನುಂಡಿ ಕಟ್ಟಿಕೊಟ್ಟಳು. ಅಂಟು ಕುಟ್ಟಿದವನು ನಾನು, ಒಣಕೊಬ್ಬರಿ ತುರಿದವನೂ ನಾನು. ಡಬ್ಬಿ ತುಂಬಿದೆ. ನಾನು ಒಯ್ದರೆ ಹೊಸ್ತಿಲು ದಾಟುವುದಿಲ್ಲ. ಪಾರ್ಸಲ್ಲಾದರೆ ಹೆಸರು ನೋಡಿ ತಿರುಗಿ ಬರುತ್ತದೆ.

ಈ ವಹಿಗೆ ಓದುಗನಿಲ್ಲ. ಒಂದು ವೇಳೆ ಇದ್ದರೆ, ಒಂದು ಸಣ್ಣ ಕೆಲಸ. ಸಂಕೇಶ್ವರದ ಕಡೆ ಹೊಂಟಿದ್ದರೆ ಈ ಡಬ್ಬಿ ಒಯ್ದು ಕೊಡ್ರಿ. ಕರೆವ್ವ ಕೊಟ್ಟಾಳ ಅನ್ರಿ, ನನ್ನ ಹೆಸರು ತಗೀಬ್ಯಾಡ್ರಿ. ಮುಚ್ಚಳ ಸಡಿಲ ಐತಿ, ಕೆಳಗ ಕೈ ಕೊಟ್ಟು ಹಿಡೀರಿ. ಅವಳು ತಿಂದಳೋ ಇಲ್ಲವೋ ನಿಂತು ನೋಡಿ, ಬಂದು ನನಗೆ… ಬ್ಯಾಡ. ಹೇಳಬ್ಯಾಡ್ರಿ. ಹೇಳಿದರೆ ನಾನು ಮತ್ತೆ ಬರೆ…