ಹಿಟ್ಟಿನ ಮೂಟೆಯ ಕಣಜಗಳು

ಮಂಗಳವಾರ, ಮಾರ್ಚ್ ೧೧

ನಿದ್ದೆ ಹತ್ತುತ್ತಿಲ್ಲ. ಎಲೆಕೋಸು ಬೆಳೆಯುವವನ ಹೆಂಡತಿ ಫೋನಿನಲ್ಲಿ ನಕ್ಕದ್ದೇ ಕಿವಿಯಲ್ಲಿದೆ. "ಅಕ್ಕಾ, ನೀವು ಕೊಟ್ಟ ಕಣಜದ ಹುಳ ಹೊಲದಲ್ಲಿ ಒಂದೂ ಕಾಣ್ತಿಲ್ಲ. ಎಲ್ಲಾ ನಮ್ಮನೆ ಹಿಟ್ಟಿನ ಮೂಟೆ ಮೇಲೆ ಕೂತಿವೆ!"

ನಗುವ ಮಾತೇ? ಕೋಸಿನ ಹುಳದ ಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲಲಿ ಎಂದೇ ನಮ್ಮ ಕೃಷಿ ಕೇಂದ್ರದಲ್ಲಿ ಕಣಜ ಸಾಕುತ್ತೇವೆ. ಸಾಕುವುದು ಮಾತ್ರ ಹಿಟ್ಟಿನಲ್ಲಿ ಆಗುವ ಹುಳ ತಿನ್ನಿಸಿ, ಅದು ಅಗ್ಗವೆಂದು. ಕೇಂದ್ರದ ಸಾಹೇಬರಿಗೆ ಹೇಳಿದರೆ, "ಹುಳ ಅಂದ್ಮೇಲೆ ಹುಳಾನೇ ತಾನೇ ಅಮ್ಮಾ? ನಾಳೆ ಉಳಿದ ಕಣಜದ ಡಬ್ಬಗಳನ್ನೂ ಕಳಿಸಿಬಿಡಿ" ಅಂದರು.

ಹುಟ್ಟುಗುಣ ಅನ್ನೋಣವೆಂದರೆ, ರುಚಿ ಹತ್ತಿಸಿದವರು ನಾವೇ. ನಾವು ಕಳಿಸಿದ್ದು ಹೊಲಕ್ಕೆ, ಅವು ಹೋದದ್ದು ತವರಿಗೆ.

ಡಬ್ಬಗಳಿರುವ ಕೋಣೆಯ ಬೀಗದ ಕೈ ನನ್ನ ದಿಂಬಿನಡಿಯಿದೆ. ಬೆಳಿಗ್ಗೆ ಅದು ಕಳೆದುಹೋಯಿತು ಅಂದುಬಿಟ್ಟರೆ…