ಎಡತುದಿಯ ಬಿಳಿ ಪಟ್ಟಿ

ಹಡಪಸರ, ಪುಣೆ
21 ಜನವರಿ 2025, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಕೊಟ್ಟುಬಿಡು ಅಂದರೆ ಮುಗಿಯಿತೇ? ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಇಷ್ಟೇ: "ಆ ಹಳೀ ಕೀಬೋರ್ಡ್ ಕೊಟ್ಟು ಹೊಸಾದ ತಗೋ ಅವಧೂ. ನಂದ ಇದೊಂದ ಮಾತ ಕೇಳು." ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನು ಇಟ್ಟೆ. ಪಕ್ಕದಲ್ಲಿ ನಿಮ್ಮ ಅತ್ತೆ ಕೂತಿದ್ದರು, ಅವರ ಕೆಮ್ಮು ನನಗೆ ಕೇಳಿಸಿತು. ಅದಕ್ಕೇ ಈ ಪತ್ರ. ಹತ್ತನೆಯ ಇಯತ್ತೆ ಮುಗಿದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ತಪ್ಪಿದ್ದರೆ ತಿದ್ದಿಕೊಂಡು ಓದು. ಕೋಥರೂಡದ ದರ್ಜಿ ಕೇತಕಿ ನಿನ್ನ ಬ್ಲೌಸು ಹೊಲಿದಿಟ್ಟಿದ್ದಾಳೆ, ಅದರ ಮಡಿಕೆಯಲ್ಲಿ ಇದನ್ನೂ ಇಟ್ಟು ಕೊಡುತ್ತಾಳೆ. ಅವಳ ಅಂಗಡಿಗಾದರೂ ಒಬ್ಬಳೇ ಹೋಗಲು ನಿನಗೆ ಬಿಡುತ್ತಾರಲ್ಲ.

ಆರೋಗ್ಯ ಹೇಗಿದೆ? ಗಂಟಲು ಹೇಗಿದೆ ಎಂದು ಕೇಳುವುದಿಲ್ಲ, ಈಗ ಅದಕ್ಕೇನು ಕೆಲಸ. ಮಧ್ವೇಶ ಭಾವ ಆರಾಮ ಇರಬೇಕು. ಅವ್ವನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ಹಡಪಸರದಿಂದ ಕೋಥರೂಡಕ್ಕೆ ಬಸ್ಸುಗಳು ಓಡುತ್ತವೆ, ಕೋಥರೂಡದಿಂದ ಹಡಪಸರಕ್ಕೂ ಓಡುತ್ತವೆ. ನೀನು ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ಇದನ್ನು ಅವ್ವ ಹೇಳುವುದಿಲ್ಲ, ನಾನೇ ಹೇಳುತ್ತಿದ್ದೇನೆ.

ಹೊಸ ಕೀಬೋರ್ಡ್ ನನಗೆ ಬೇಡವಾಗಿದೆ ಎಂದು ತಿಳಿಯಬೇಡ. ಸೆಕೆಂಡ್‌ಹ್ಯಾಂಡ್ ವಾದ್ಯಗಳ ಹಣಮಂತ್ರಾಯರು ಅದನ್ನು ನನಗಾಗಿಯೇ ತೆಗೆದಿಟ್ಟಿದ್ದಾರೆ. ಮೂರು ಸಲ ಹೋಗಿ ಬಾರಿಸಿ ಬಂದಿದ್ದೇನೆ. ನಮ್ಮದರ ಅರ್ಧ ತೂಕ, ಒಬ್ಬನೇ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಮೇಲೆ ಹೋಗಬಹುದು. ಹಾಡುವವರು ನಮಸ್ಕಾರ ಹೇಳಿ ಮುಗಿಸುವುದರೊಳಗೆ ಚಾಲೂ ಆಗುತ್ತದೆ. ನಮ್ಮದು ಗೊತ್ತಲ್ಲ, ಗುಂಡಿ ಒತ್ತಿ ಚಹಾ ಕುಡಿದು ಬರಬೇಕು. ಎರಡು ಕರಿ ಪಟ್ಟಿ ಒತ್ತಿದರೆ ಮೇಲೇಳುವುದಿಲ್ಲ, ಪರದೆ ಅರ್ಧ ಕಪ್ಪಾಗಿದೆ. ಆದರೆ ಒಂದು ಕಂಪನಿಯ ಕೀಬೋರ್ಡಿನಲ್ಲಿ ನಾವು ತುಂಬಿದ ದನಿ ಇನ್ನೊಂದು ಕಂಪನಿಯದರಲ್ಲಿ ಕೂಡುವುದಿಲ್ಲ. ಬೇಕಾದರೆ ಮೊದಲಿನಿಂದ ತುಂಬಬೇಕು. ತುಂಬಬೇಕಾದರೆ ಹಾಡುವವಳು ಬೇಕು.

ನಾಲ್ಕು ವರ್ಷದ ಹಿಂದಿನ ಆ ಮೇ ತಿಂಗಳು ನೆನಪಿದೆಯಾ? ನಮ್ಮ ಆರ್ಕೆಸ್ಟ್ರಾಕ್ಕೆ ಕೋರಸ್ ಹುಡುಗಿಯರನ್ನು ಕರೆಸುವ ಶಕ್ತಿ ಇರಲಿಲ್ಲ, "ನಾನಽ ನಾಕ ಮಂದಿ ಆಗ್ತೇನಿ" ಅಂದವಳು ನೀನು. ಕಿಟಕಿಗೆ ಚಾದರ ಕಟ್ಟಿ, ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ, ಒಂದೊಂದೇ ಸ್ವರಕ್ಕೆ "ಆ" ಎಂದು ನೀನು ಹಾಡಿದೆ, ಪಟ್ಟಿಗೊಂದರಂತೆ ನಾನು ಅದನ್ನು ಕೀಬೋರ್ಡಿಗೆ ತುಂಬಿದೆ. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ಸಾಕಾಗಿ ನಕ್ಕುಬಿಟ್ಟೆ: "ಸಾಕ್ ಬಿಡೋ ಅವಧೂ, ಗಂಟಲಾ ಹರೀತು. ಇನ್ನ ಎಷ್ಟ ಆ ಅನ್ನಲಿ, ಡಾಕ್ಟರ್ ಮುಂದ ಕೂತಂಗ." ಅದೂ ರೆಕಾರ್ಡ್ ಆಗಿತ್ತು. ಅಳಿಸಲು ಮನಸ್ಸಾಗದೆ ಎಡತುದಿಯ ಬಿಳಿ ಪಟ್ಟಿಗೆ ಹಾಕಿಟ್ಟೆ. ಅಲ್ಲಿಗೆ ಯಾರ ಬೆರಳೂ ಹೋಗುವುದಿಲ್ಲ ಅಂದುಕೊಂಡೆ.

ಆಮೇಲೆ ನಿನ್ನ ಲಗ್ನದ ಮಾತು ಬಂತು. ಆರ್ಕೆಸ್ಟ್ರಾದಲ್ಲಿ ಹಾಡುವ ಹುಡುಗಿ ಎಂದು ಗೊತ್ತಾದರೆ ಯಾರು ಮಾಡಿಕೊಳ್ಳುತ್ತಾರೆ ಎಂದು ಅವ್ವ ನಿನ್ನ ಫೋಟೋ ಇದ್ದ ಬ್ಯಾನರುಗಳನ್ನೆಲ್ಲ ಮಡಚಿ ಅಟ್ಟಕ್ಕೆ ಹಾಕಿದಳು. ಹುಡುಗಿಗೆ ಹಾಡು ಬರುತ್ತದಾ ಎಂದು ಅತ್ತೆ ಕೇಳಿದಾಗ ದೇವರ ಮುಂದಿನ ಆರತಿ ಹಾಡಷ್ಟೇ ಅಂದಳು. ನಾನೇನು ಮಾಡುತ್ತೇನೆ ಎಂದು ಕೇಳಿದ್ದಕ್ಕೆ ಕಂಪ್ಯೂಟರ್ ಕೆಲಸ ಅಂದಳು. "ಸುಳ್ಳೇನಲ್ಲ, ಕೀಬೋರ್ಡ್ ಮುಂದ ಕೂಡ್ತಾನಲ್ಲಾ" ಎಂದು ನೀನು ಒಳಗೆ ಬಂದು ನಕ್ಕೆ. ನಾನೂ ನಕ್ಕೆ. ಈಗ ನಗು ಬರುವುದಿಲ್ಲ. ನಿನ್ನ ಲಗ್ನದ ಮಂಟಪದಲ್ಲಿ ಬೇರೆ ಯಾರೋ ಬಾರಿಸುತ್ತಿದ್ದರು, ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಪಾನಕ ಹಂಚುತ್ತಿದ್ದೆ.

ಮೊನ್ನೆ ಕೋಥರೂಡದ ರಿಸೆಪ್ಷನ್ನಿಗೆ ನಿಮ್ಮ ಮನೆಯವರು ಬರುತ್ತಾರೆಂದು ನನಗೆ ಹೇಗೆ ಗೊತ್ತಾಗಬೇಕು? ಒಂದು ಹಾಡು ಮುಗಿದಿತ್ತು. ತಲೆ ಎತ್ತಿದರೆ ಮುಂದಿನ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ನೀನು. ನಿನ್ನ ಮುಖ ಬಿಳಿಚಿತ್ತು. ನಿನಗಾಗಿಯೇ ಅಕ್ಕಾ, ನಿನ್ನ ಸುಳ್ಳು ಉಳಿಯಲಿ ಎಂದೇ ನಾನು ಕೀಬೋರ್ಡಿನ ಹಿಂದೆ ಬಗ್ಗಿದೆ. ಮೊಣಕೈ ಎಡತುದಿಗೆ ಬಿತ್ತು. ನೀನು ಬಾಯಿ ಮುಚ್ಚಿಕೊಂಡು ಕೂತಿದ್ದೆ, ಆಳೆತ್ತರದ ಸ್ಪೀಕರುಗಳಿಂದ ನೀನೇ ನಕ್ಕೆ, ನೀನೇ ನನ್ನ ಹೆಸರು ಹಿಡಿದು ಕರೆದೆ. ಅತ್ತೆ ಮೊದಲು ನಿನ್ನ ತುಟಿ ನೋಡಿದರು, ಆಮೇಲೆ ವೇದಿಕೆ ನೋಡಿದರು.

ತಪ್ಪು ನನ್ನದು, ಒಪ್ಪಿದೆ. ಆದರೆ ನಿನಗೆ ಸಿಟ್ಟು ಬಂದದ್ದು ಹಾಡುವುದನ್ನು ಬಿಡಿಸಿದವರ ಮೇಲಲ್ಲ, ನಿನ್ನ ದನಿಯನ್ನು ಇಟ್ಟುಕೊಂಡವನ ಮೇಲೆ. ಅರ್ಧ ತಾಸು ಬಂದು ಹೊಸದರಲ್ಲಿ ಬರೀ "ಆ" ಹಾಡಿ ಹೋಗು, ಮಾತು ಬೇಡ, ನಗುವೂ ಬೇಡ ಎಂದು ಮೆಸೇಜು ಕಳಿಸಿದೆ. ನೀನು ಓದಿದ ಗುರುತು ಬಂತು, ಉತ್ತರ ಬರಲಿಲ್ಲ.

ಇನ್ನೊಂದು ನಿನಗೆ ಗೊತ್ತಿಲ್ಲ. ಕೊಟ್ಟರೆ ದನಿ ಹೋಗುತ್ತದೆ ಎಂದುಕೊಂಡಿದ್ದೀ. ಹೋಗುವುದಿಲ್ಲ. ಹಣಮಂತ್ರಾಯರು ಹೇಳಿದರು, "ಒಳಗಿನ ದನಿ ಹಂಗಽ ಇರ್ಲಿ ತಮ್ಮಾ, ಕೋರಸ್ ಭಾಳ ಛಲೋ ಅದ. ಶಿರೂರಿನ ಪಾರ್ಟಿಗೆ ಅದಽ ಬೇಕಾಗೇದ." ಅಂದರೆ ಶಿರೂರಿನ ಯಾವನೋ ಬರಾತಿನ ಮೆರವಣಿಗೆಯ ಗಾಡಿಯ ಮೇಲೆ ನಿನ್ನನ್ನು ಬಾರಿಸುತ್ತಾನೆ. ಎಡತುದಿ ಒತ್ತಿ ಗೆಳೆಯರೊಂದಿಗೆ ನಗುತ್ತಾನೆ. ಅದು ನಿನಗೆ ನಡೆಯುತ್ತದಾ? ಅಳಿಸಿ ಕೊಡಬೇಕು, ಇಲ್ಲವೇ ಕೊಡಬಾರದು. ನನ್ನ ತಲೆ ಕೆಟ್ಟಿದ್ದು ಇದಕ್ಕೆ.

ಅವ್ವನ ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಮಧ್ಯಾಹ್ನ ನಾನು ಮಲಗಿದ್ದೇನೆ ಎಂದು ತಿಳಿದು ಅವಳು ಕೀಬೋರ್ಡ್ ಚಾಲೂ ಮಾಡುತ್ತಾಳೆ. ಯಾವ ಗುಂಡಿ ಎಂದು ಅವಳಿಗೆ ಯಾರು ಕಲಿಸಿದರೋ. ಅದು ಏಳುವ ತನಕ ಮೊಣಕಾಲು ತಿಕ್ಕಿಕೊಳ್ಳುತ್ತ ಕಾಯುತ್ತಾಳೆ. ಆಮೇಲೆ ಎಡತುದಿಯ ಪಟ್ಟಿಯನ್ನು ಒಂದೇ ಸಲ ಒತ್ತಿ ಬಂದ್ ಮಾಡುತ್ತಾಳೆ. ಬ್ಯಾನರು ಮಡಚಿದವಳೂ ಅವಳೇ.

ಭಾವನಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸಬೇಡ, ಈ ಪತ್ರ ಬಂದದ್ದೇ ಅವರಿಗೆ ಗೊತ್ತಾಗಬಾರದು. ನಿನಗೆ ಮಾತ್ರ. ಚೆನ್ನಾಗಿರು.

ನಿನ್ನ ತಮ್ಮ,
ಅವಧೂತ

ತಾ.ಕ.: ಹಣಮಂತ್ರಾಯರ ಕಡೆ ಒಯ್ಯಲು ಕೆಳಗೆ ರಿಕ್ಷಾ ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಅಳಿಸಿದೆ. ಎಲ್ಲ "ಆ"ಗಳೂ ಹೋದವು, ಆ ಮಾತೂ ಹೋಯಿತು. ನಿಜವಾಗಿಯೂ ಅಳಿಸಬೇಕೇ ಎಂದು ಕೀಬೋರ್ಡು ಎರಡು ಸಲ ಕೇಳಿತು. ಅಳಿಸಿದರೆ ನನಗೆ ಏನಾಗುತ್ತದೆ ಎಂದು ನೀನು ಒಂದು ಸಲವೂ ಕೇಳಲಿಲ್ಲ. ಅವ್ವನಿಗೆ ಹೇಳಿರಲಿಲ್ಲ. ನಾನು ಚೀಲ ಹುಡುಕುತ್ತಿದ್ದಾಗ ಬಂದು ಎಡತುದಿ ಒತ್ತಿದಳು. ಮತ್ತೆ ಒತ್ತಿದಳು. "ಯಾಕೋ ಅವಧೂ, ಇದು ಮಾತಾಡವಲ್ದು?" ಎಂದು ಈಗಲೂ ಅದರ ಮುಂದೆಯೇ ನಿಂತು ಕೇಳುತ್ತಿದ್ದಾಳೆ. ಕೀಬೋರ್ಡ್ ಎತ್ತಿಕೊಂಡು ಹೊರಗೆ ಹೋಗಿ ಬಾಗಿಲು ಹಾಕುತ್ತೇನೆ. ಅವಳಿಗೆ ಉತ್ತರ ನೀನು ಬಂದು ಕೊಡು.